ಬಿಸಿಲ ಹಬ್ಬದ ನೆರಳು

ಮಧುಗಿರಿಯ ಬೆಟ್ಟ ಒಂದೇ ಕಲ್ಲು. ಚೈತ್ರದ ಬಿಸಿಲನ್ನು ಹಗಲೆಲ್ಲ ತನ್ನೊಳಗೆ ಇಟ್ಟುಕೊಂಡು, ಸಂಜೆಯಾದ ಮೇಲೆ ಬಡ್ಡಿಸಮೇತ ಊರಿಗೆ ಹಿಂದಿರುಗಿಸುವುದು ಅದರ ವಾಡಿಕೆ. ಶಿರಾ, ಕೊರಟಗೆರೆ, ಪಾವಗಡಗಳ ಪಾಡೂ ಇದಕ್ಕಿಂತ ತಂಪಾದುದೇನಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಗಾಜಿನ ಫಲಕಗಳನ್ನು ಹರಡಿ, 2018ರಿಂದ ಬಿಸಿಲನ್ನೇ ಬೆಳೆಯೆಂದು ಕೊಯ್ದು ವಿದ್ಯುತ್ತಾಗಿ ಮಾರುತ್ತಿದ್ದಾರೆಂದ ಮೇಲೆ, ಆ ಸೀಮೆಯ ಬಿಸಿಲಿನ ಯೋಗ್ಯತೆಗೆ ಬೇರೆ ಪ್ರಮಾಣಪತ್ರ ಬೇಕಿಲ್ಲ. ವರ್ಷದ ಮೊದಲ ಹಬ್ಬವಾದ ಯುಗಾದಿ ಬರುವುದು ಈ ಬಿಸಿಲಿನ ನಡುವೆಯೇ.

ಹಾಗೆಂದು ಯುಗಾದಿ ಕಷ್ಟದ ಹಬ್ಬವೆಂದು ಯಾರೂ ಹೇಳುವುದಿಲ್ಲ. ದೀಪಾವಳಿಯ ಗದ್ದಲ, ಗಣೇಶನ ಹಬ್ಬದ ಓಡಾಟ ಇದಕ್ಕಿಲ್ಲ. ಬೆಳಗ್ಗೆ ಎಣ್ಣೆಸ್ನಾನ, ಬಾಗಿಲಿಗೆ ಮಾವಿನ ತೋರಣ, ನಾಲಗೆಗೆ ಬೇವುಬೆಲ್ಲ, ಎಲೆಯ ತುದಿಗೆ ಒಬ್ಬಟ್ಟು. ಆಮೇಲೆ ಮಾಡಬೇಕಾದ ಕೆಲಸವೇ ಇಲ್ಲ. ಹುಣಿಸೆ ಬಡಿದು ಮುಗಿದಿರುತ್ತದೆ, ಕಡಲೆಕಾಯಿ ಬಿತ್ತುವುದಕ್ಕೆ ಇನ್ನೂ ಮಳೆ ಬರಬೇಕು. ಹೊಂಗೆಯ ಮರ ಮಾತ್ರ ಆ ಬರಡಿನ ನಡುವೆ ಹೊಸ ಚಿಗುರು ಹೊದ್ದು ನಿಂತಿರುತ್ತದೆ. ಅದರ ಕೆಳಗೆ ಚಾಪೆ ಬೀಳುತ್ತದೆ. ಬೆಂಗಳೂರಿನಿಂದ ಬಂದ ಅಣ್ಣತಮ್ಮಂದಿರು ಉರುಳುತ್ತಾರೆ. ಮಕ್ಕಳು ಚೌಕಾಬಾರದ ಮನೆ ಗೀಚುತ್ತಾರೆ; ದೊಡ್ಡವರು ಇಸ್ಪೀಟಿನ ಕಟ್ಟು ಬಿಚ್ಚುತ್ತಾರೆ, ಹಬ್ಬದ ದಿನ ಅದು ಜೂಜಲ್ಲವೆಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು. ಮೂರು ಗಂಟೆಯ ಹೊತ್ತಿಗೆ ಒಬ್ಬಟ್ಟಿನ ಭಾರಕ್ಕೆ ಎಲ್ಲರ ರೆಪ್ಪೆಯೂ ಕೂಡುತ್ತದೆ.

ಎಲ್ಲರದೂ ಎಂದದ್ದು ತಪ್ಪು. ಅಡಿಗೆಮನೆಯಲ್ಲಿ ಒಂದು ಜೀವ ಎಚ್ಚರವಾಗಿಯೇ ಇರುತ್ತದೆ. ಬೇಳೆ ಬೇಯಿಸಿ, ಬೆಲ್ಲ ಬೆರೆಸಿ, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದೇ ಒಬ್ಬಟ್ಟನ್ನು ತಟ್ಟಿ ಕಾದ ಹೆಂಚಿನ ಮೇಲೆ ಮಗುಚಿದವರು ಆ ಮನೆಯ ಸೊಸೆ, ಇಲ್ಲವೆ ಅತ್ತೆ. ಹೊರಗೆ ಬಿಸಿಲು, ಒಳಗೆ ಒಲೆ. ಬಿಸಿ ಒಬ್ಬಟ್ಟಿನ ಮೇಲೆ ತುಪ್ಪ ಬೀಳಬೇಕೆಂದು ಗಂಡಸರು ಹಟ ಹಿಡಿದರೆ, ಆಕೆಗೆ ಪಂಕ್ತಿ ಮುಗಿಯುವ ತನಕ ಒಲೆಯ ಮುಂದಿನಿಂದ ಬಿಡುಗಡೆಯಿಲ್ಲ. ಆಕೆಯ ಊಟದ ಹೊತ್ತಿಗೆ ಹೊಂಗೆಯ ನೆರಳು ಆಚೆ ಸರಿದಿರುತ್ತದೆ.

ನೀರಿನ ಮಾತು ಇನ್ನೊಂದು. ಈ ನಾಲ್ಕು ತಾಲ್ಲೂಕುಗಳ ಮರಳು ಹಳ್ಳಗಳಲ್ಲಿ ಹಿಂದಿನವರು ತಲಪರಿಗೆಗಳನ್ನು ತೋಡಿ ಕಾಪಾಡಿಕೊಂಡಿದ್ದರು. ಬೇಸಗೆಯಲ್ಲಿಯೂ ಆ ಒರತೆಗಳಲ್ಲಿ ತಿಳಿನೀರು ಜಿನುಗುತ್ತಿತ್ತು. ಕೊಳವೆಬಾವಿಗಳು ಆಳಕ್ಕಿಳಿದಂತೆ ಅವುಗಳಲ್ಲಿ ಅನೇಕವು ಬತ್ತಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಸರ್ಕಾರ ಸಾರಿತು. ಈ ಸೀಮೆ ಹೊರಗುಳಿಯಲಿಲ್ಲ. ಅದರ ಬೆನ್ನಿಗೇ, 2024ರ ಏಪ್ರಿಲ್ 9ರಂದು ಯುಗಾದಿ ಬಂದಿತು. ಮನೆ ತುಂಬ ನೆಂಟರು, ಎಲ್ಲರಿಗೂ ಎಣ್ಣೆನೀರು! ಹಂಡೆ ತುಂಬಿಸುವ ಚಿಂತೆ ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಬಿಸಿಲಿನಲ್ಲಿ ದೊಡ್ಡ ಹಬ್ಬ ಮಾಡುವವರು ನಾವು ಮಾತ್ರವೇ ಅಲ್ಲ. ಭೂಮಿಯ ದಕ್ಷಿಣಾರ್ಧದಲ್ಲಿರುವ ಆಸ್ಟ್ರೇಲಿಯದಲ್ಲಿ ಕ್ರಿಸ್‌ಮಸ್ ಬರುವುದು ನಡುಬೇಸಗೆಯಲ್ಲಿ. ಇಂಗ್ಲೆಂಡಿನಿಂದ ಹೋಗಿ ನೆಲಸಿದವರು ಮೊದಮೊದಲು ಚಳಿದೇಶದ ಹಬ್ಬವನ್ನು ಇದ್ದಂತೆಯೇ ಹೊತ್ತೊಯ್ದರು. ಹೊರಗೆ ಬೆಂಕಿಯಂಥ ಬಿಸಿಲಿರುವಾಗ ಒಳಗೆ ಮಾಂಸವನ್ನು ಹುರಿದು, ಕಡುಬಿನಂಥ ಪುಡಿಂಗನ್ನು ಗಂಟೆಗಟ್ಟಲೆ ಬೇಯಿಸಿ, ಬೆವರುತ್ತ ಉಂಡರು. ಹಿಮದ ಚಿತ್ರದ ಶುಭಾಶಯ ಪತ್ರಗಳು ಅಲ್ಲಿ ಇಂದಿಗೂ ಉಂಟು. ಆದರೆ ಊಟ ಬದಲಾಯಿತು. ತಣ್ಣಗಿನ ಮಾಂಸ, ಸಿಗಡಿ, ಹಸಿ ತರಕಾರಿ, ಕೆನೆ ಮತ್ತು ಹಣ್ಣು ಹೇರಿದ ಪವ್ಲೋವಾ ಎಂಬ ಸಿಹಿ, ಇವು ಎಷ್ಟೋ ಮನೆಗಳ ಹಬ್ಬದಡಿಗೆಯಾದವು. ಬೇಯಿಸಲೇಬೇಕೆಂದರೆ ಒಲೆ ಹಿತ್ತಲಿಗೆ ಬಂದಿತು. ಅದರ ಮುಂದೆ ಅನೇಕ ವೇಳೆ ನಿಲ್ಲುವವನು ಮನೆಯ ಯಜಮಾನ. ಸಿಡ್ನಿ, ಮೆಲ್ಬೋರ್ನ್‌ಗಳಲ್ಲಿ ನೆಲಸಿದ ನಮ್ಮ ಹುಡುಗರು ಡಿಸೆಂಬರಿನ ರಜೆಯಲ್ಲಿ ಇದನ್ನು ಕಣ್ಣಾರೆ ಕಾಣುತ್ತಾರೆ. ಊರಿಗೆ ಬಂದು ಹೇಳಿದರೆ ಅಜ್ಜಿಯರು ನಗುತ್ತಾರೆ: ತಂಗಳು ತಿಂದು ಹಬ್ಬ ಮಾಡುವುದೆ?

ಅಜ್ಜಿಯರು ನಗಬೇಕಾಗಿಲ್ಲ. ಯುಗಾದಿಯ ಬೆನ್ನಲ್ಲೇ, ಚೈತ್ರದ ನವಮಿಯಂದು ರಾಮನವಮಿ ಬರುತ್ತದೆ. ಅಂದಿನ ನೈವೇದ್ಯವೇನು? ಪಾನಕ, ನೀರುಮಜ್ಜಿಗೆ, ನೆನೆಸಿದ ಹೆಸರುಬೇಳೆಯ ಕೋಸಂಬರಿ. ಒಗ್ಗರಣೆಯನ್ನು ಬಿಟ್ಟರೆ ಒಲೆಗೆ ಕೆಲಸವೇ ಇಲ್ಲ. ಬಿಸಿಲ ಹಬ್ಬವನ್ನು ಹೇಗೆ ಮಾಡಬೇಕೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿಯೇ ಗೊತ್ತಿತ್ತು; ಯುಗಾದಿಯ ದಿನ ನಾಲಗೆ ಮೇಲುಗೈ ಪಡೆಯಿತು, ಅಷ್ಟೆ. ಒಬ್ಬಟ್ಟನ್ನು ಬಿಡಬೇಕೆಂದು ಹೇಳುವ ಧೈರ್ಯ ಯಾರಿಗೂ ಬಾರದು. ಆದರೆ ಹಿಂದಿನ ಸಂಜೆಯೇ ತಟ್ಟಿಟ್ಟ ಒಬ್ಬಟ್ಟು ಮರುದಿನಕ್ಕೆ ಇನ್ನಷ್ಟು ರುಚಿಯೆಂದು ಬಲ್ಲವರು ಹೇಳುತ್ತಾರೆ.

ಗಂಡಸರಿಗೆ ಅಡಿಗೆ ಬಾರದೆಂಬ ನೆಪವೂ ನಿಲ್ಲುವಂತಿಲ್ಲ. ಮರುದಿನದ ಹೊಸತೊಡಕಿನಂದು ನೋಡಬೇಕು. ಗುಡ್ಡೆ ಬಾಡಿನಲ್ಲಿ ಪಾಲು ಹಿಡಿದು, ತೋಟದ ಮರದ ಕೆಳಗೆ ಮೂರು ಕಲ್ಲು ಹೂಡಿ, ಹೊಗೆಗೆ ಕಣ್ಣೊರಸಿಕೊಳ್ಳುತ್ತ ಸಾರು ಕುದಿಸುವ ಗಂಡಸರು ಈ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಖಾರ ಹೆಚ್ಚಾಯಿತೆಂದು ಯಾರಾದರೂ ಅಂದರೆ ಸಿಟ್ಟಾಗುವಷ್ಟು ಅಭಿಮಾನವೂ ಅವರಿಗೆ ಉಂಟು. ಒಂದು ದಿನ ಮೊದಲು ಆ ಕೈಗಳಿಗೆ ಏನಾಗಿತ್ತೋ!

ಅದೇ ಸಂಜೆ ಬಿದಿಗೆಯ ಚಂದ್ರನನ್ನು ನೋಡಲು ಮನೆಮಂದಿಯೆಲ್ಲ ಮಹಡಿ ಹತ್ತುತ್ತಾರೆ. ಕಾಲಡಿಯ ಗಾರೆ ಇನ್ನೂ ಬೆಚ್ಚಗಿರುತ್ತದೆ. ಮಕ್ಕಳು ಪಡುವಣದತ್ತ ಬೆರಳು ತೋರಿ ಕೂಗುತ್ತಾರೆ. ಕಣ್ಣು ಮಂಜಾದ ಹಿರಿಯರು ಕಾಣದಿದ್ದರೂ ಕೈ ಮುಗಿಯುತ್ತಾರೆ. ಸೆರಗಿನಿಂದ ಮುಖ ಒರಸಿಕೊಳ್ಳುತ್ತ ಸೊಸೆ ಕೊನೆಯವಳಾಗಿ ಮೇಲೆ ಬರುತ್ತಾಳೆ. ಯಾರೋ ಸರಿದು ಆಕೆಗೆ ಚಾಪೆಯಲ್ಲಿ ಜಾಗ ಮಾಡಿಕೊಡುತ್ತಾರೆ.