ವಿಳಾಸ ಕೊಟ್ಟದ್ದು ಕಡತಕ್ಕೆ, ಬೀದಿಗಲ್ಲ

ಅಂತರಜಾಲದಲ್ಲಿ ಒಂದು ತಾಣದ ಹೆಸರನ್ನು ನೋಂದಾಯಿಸಬೇಕಾದರೆ ನಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಎಲ್ಲವನ್ನೂ ಕೊಡಬೇಕು. ಕೊಡುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಬಹುಕಾಲ ಈ ವಿವರಗಳು 'ಹೂ ಈಸ್' ಎಂಬ ದಾಖಲೆಯಲ್ಲಿ ಲೋಕಕ್ಕೆಲ್ಲ ತೆರೆದು ಬಿದ್ದಿದ್ದವು. ಸಂಘದ ಜಾಲತಾಣಕ್ಕೆಂದು ಕಾರ್ಯದರ್ಶಿಗಳು ತಮ್ಮ ಮನೆಯ ವಿಳಾಸ ಬರೆದರೆ, ಯಾವ ಊರಿನ ಯಾವ ವಂಚಕನೂ ಅದನ್ನು ಓದಬಹುದಾಗಿತ್ತು.

ಇದಕ್ಕೆ ತಡೆ ಬಿದ್ದದ್ದು ಯೂರೋಪಿನಿಂದ. ಅಲ್ಲಿನ ಮಾಹಿತಿ ರಕ್ಷಣೆಯ ಕಾನೂನು 2018ರ ಮೇ 25ರಂದು ಜಾರಿಗೆ ಬಂತು. ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ಎಂಟೇ ದಿನ ಮುಂಚೆ ತಾತ್ಕಾಲಿಕ ನಿಯಮ ಮಾಡಿ ಖಾಸಗಿ ವಿವರಗಳಿಗೆ ತೆರೆ ಎಳೆಯಿತು. ಆದರೂ ಸಂಗ್ರಹದ ಚಪಲ ಬಿಡಲಿಲ್ಲ. ಹೆಸರಿನ ಒಡೆಯನದಲ್ಲದೆ, ಆಡಳಿತ ಮತ್ತು ತಾಂತ್ರಿಕ ಸಂಪರ್ಕದವರ ವಿವರವೂ ಬೇಕೆಂದು ಜರ್ಮನಿಯ ಇಪಾಗ್ ಎಂಬ ನೋಂದಣಿ ಕಂಪನಿಯ ಮೇಲೆ ದಾವೆ ಹೂಡಿತು. ಬಾನ್ ನಗರದ ನ್ಯಾಯಾಲಯ ಮೇ ತಿಂಗಳ ಕೊನೆಯಲ್ಲಿ ಆ ಕೋರಿಕೆಯನ್ನು ತಳ್ಳಿಹಾಕಿತು. ಒಡೆಯನ ವಿವರದ ಮೇಲೆ ಉಳಿದವರದು ಏಕೆ ಅಗತ್ಯವೆಂಬುದನ್ನು ಐಕಾನ್ ತೋರಿಸಿಕೊಟ್ಟಿರಲಿಲ್ಲ.

ಇದರಿಂದ ಪೊಲೀಸರಿಗೂ ಟ್ರೇಡ್‌ಮಾರ್ಕಿನ ಒಡೆಯರಿಗೂ ತೊಂದರೆ ಎನ್ನುವವರಿದ್ದಾರೆ. ಇರಬಹುದು. ಅವರು ಕಾರಣ ಬರೆದುಕೊಟ್ಟು ಪಡೆಯಲಿ. ಮೋಸಕ್ಕೆ ಹೊರಟವನು ನಿಜವಾದ ವಿಳಾಸ ಬರೆಯುತ್ತಾನೆಯೇ? ಬರೆಯುವವನು ಪ್ರಾಮಾಣಿಕ, ಬಯಲಿಗೆ ಬೀಳುವವನೂ ಅವನೇ. ಕಳ್ಳನನ್ನು ಹಿಡಿಯಲು ಊರವರ ಮನೆಗಳ ಅಗುಳಿ ತೆಗೆಸಿದ ನ್ಯಾಯವಿದು!

ನಮ್ಮ ದೇಶದಲ್ಲೇನು? ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಆಯಿತು. ಆದರೆ ವ್ಯಕ್ತಿ ತಾನೇ ಬಹಿರಂಗಪಡಿಸಿದ ವಿವರಕ್ಕೂ, ಕಾನೂನಿನ ಕಟ್ಟಳೆಯಂತೆ ಬಹಿರಂಗವಾದ ವಿವರಕ್ಕೂ ಅದು ಅನ್ವಯಿಸುವುದಿಲ್ಲವೆಂದು ಅದರ 3ನೆಯ ಕಲಮು ಹೇಳುತ್ತದೆ. ಸಣ್ಣಕ್ಷರದ ಷರತ್ತಿಗೆ ಒಪ್ಪಿದ್ದನ್ನೇ ನಾಳೆ 'ತಾನೇ ಬಹಿರಂಗಪಡಿಸಿದ್ದು' ಎಂದು ವಾದಿಸಿದರೆ ಗತಿಯೇನು? ಆ ಕಲಮಿಗೆ ಇಂಥ ಅರ್ಥ ಬರಕೂಡದು.

ಬೇಕಾದಷ್ಟೇ ಕೇಳಬೇಕು, ಕೇಳಿದ್ದನ್ನು ಕಾಪಾಡಬೇಕು, ಯಾರಿಗೆ, ಏಕೆ ಕೊಟ್ಟೆವೆಂದು ಬರೆದಿಡಬೇಕು. ಸದಸ್ಯರ ವಿಳಾಸಪಟ್ಟಿ ಅಚ್ಚುಹಾಕಿ ಹಂಚುವ ಸಂಘಗಳೂ ಇದಕ್ಕೆ ಹೊರತಲ್ಲ. ಪರವೂರಿನಲ್ಲಿ ಕನ್ನಡಿಗರು ಒಬ್ಬರನ್ನೊಬ್ಬರು ಹುಡುಕಿಕೊಳ್ಳಲು ಆ ಪಟ್ಟಿ ಬೇಕು, ನಿಜ. ಆದರೆ ಅದರಲ್ಲಿರುವ ಹೆಸರು ಸದಸ್ಯರದು, ಸಂಘದ್ದಲ್ಲ. ಕೇಳಿ ಅಚ್ಚುಹಾಕೋಣ.