ಹದಿನೇಳರ ಹೊಗಳಿಕೆ, ಇಪ್ಪತ್ತೊಂದರ ತೀರ್ಪು: ಟ್ರಾಯ್ ಪ್ಯಾರೆಟ್ ಸಾಗಿದ ದಾರಿ

2025ರ ನವೆಂಬರ್ 16ರಂದು ಬುಡಾಪೆಸ್ಟಿನ ಪುಷ್ಕಾಶ್ ಅರೇನಾದಲ್ಲಿ ಹಂಗೇರಿಗೆ ಸಾಕಾಗಿದ್ದುದು ಒಂದು ಡ್ರಾ. ಐರ್ಲೆಂಡಿಗಾದರೋ ಗೆಲುವಲ್ಲದೆ ಬೇರೆ ಗತಿಯಿರಲಿಲ್ಲ. ವಿಶ್ವಕಪ್ ಅರ್ಹತಾ ಸುತ್ತಿನ ಆ ಕೊನೆಯ ಪಂದ್ಯದಲ್ಲಿ ಆತಿಥೇಯರು ಎರಡು ಬಾರಿ ಮುನ್ನಡೆ ಪಡೆದರು. ಮೊದಲ ಬಾರಿ ಪೆನಾಲ್ಟಿಯ ಮೂಲಕ, ಎರಡನೆಯ ಬಾರಿ 80ನೆಯ ನಿಮಿಷದಲ್ಲಿ ಸಮ ಮಾಡಿದವನು ಒಬ್ಬನೇ. 96ನೆಯ ನಿಮಿಷದಲ್ಲಿ ಐರ್ಲೆಂಡಿನ ಗೋಲುರಕ್ಷಕ ದೂರಕ್ಕೆ ಒದ್ದ ಚೆಂಡು ಸಹ ಆಟಗಾರನೊಬ್ಬನ ತಲೆಗೆ ತಾಗಿ ಮುಂದೆ ಬಿದ್ದಾಗ ಓಡಿ ಬಂದು ಅದನ್ನು ಬಲೆಗೆ ತಳ್ಳಿದವನೂ ಅವನೇ. ಮೂರು ದಿನಗಳ ಹಿಂದೆ ಡಬ್ಲಿನ್ನಿನಲ್ಲಿ ಪೋರ್ಚುಗಲ್ಲನ್ನು 2-0ರಿಂದ ಮಣಿಸಿದಾಗಿನ ಎರಡೂ ಗೋಲುಗಳು ಅವನವೇ. ಹೀಗೆ ಎರಡು ಪಂದ್ಯಗಳಲ್ಲಿ ಐರ್ಲೆಂಡ್ ಹೊಡೆದ ಐದಕ್ಕೆ ಐದೂ ಗೋಲು 23 ವರ್ಷದ ಟ್ರಾಯ್ ಪ್ಯಾರೆಟ್‌ನದು. 2002ರ ಬಳಿಕ ವಿಶ್ವಕಪ್ ಮೈದಾನವನ್ನೇ ಕಾಣದ ದೇಶಕ್ಕೆ ಪ್ಲೇಆಫ್ ಸ್ಥಾನ ದೊರೆತದ್ದು ಹೀಗೆ.

ಆ ರಾತ್ರಿಯ ಸಂಭ್ರಮದ ವರ್ಣನೆ ಎಲ್ಲ ಕಡೆಯೂ ಬಂದಿದೆ. ಈ ಬರೆಹದ ಆಸಕ್ತಿ ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿದೆ. ಈ ಹುಡುಗನನ್ನು ದೇಶದ ಭವಿಷ್ಯವೆಂದು ಮೊದಲು ಕರೆದಾಗ ಅವನಿಗೆ ಹದಿನೇಳು. ಅವನ ಕಥೆ ಮುಗಿಯಿತೆಂದು ಹಲವರು ಅಂದುಕೊಂಡಾಗ ಇಪ್ಪತ್ತೊಂದು. ಎರಡೂ ತೀರ್ಪುಗಳು ಅವಸರದವು. ಮಕ್ಕಳನ್ನು ದೂರದ ಊರಿನ ಶಾಲೆಗೋ ತರಬೇತಿಗೋ ಕಳುಹಿಸುವ ಯೋಚನೆಯಲ್ಲಿರುವ ಪಾಲಕರು, ಕಾಲ್ಚೆಂಡಿನ ಗಂಧಗಾಳಿ ಇಲ್ಲದವರಾದರೂ, ಈ ಅವಸರ ಹೇಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಬಹುದು.

ಪ್ಯಾರೆಟ್ ಹುಟ್ಟಿದ್ದು 2002ರ ಫೆಬ್ರವರಿಯಲ್ಲಿ. ಬೆಳೆದದ್ದು ಡಬ್ಲಿನ್ ನಗರದ ಉತ್ತರದ ಒಳಭಾಗದಲ್ಲಿ. ಬಡತನ ಮತ್ತು ಮಾದಕದ್ರವ್ಯದ ಹಾವಳಿಗಾಗಿ ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡ ಬೀದಿಗಳು ಅವು. ಆದರೆ ಕಾಲ್ಚೆಂಡಿನ ಮಟ್ಟಿಗೆ ಫಲವತ್ತಾದ ನೆಲ. ಬೆಲ್ವೆಡಿಯರ್ ಎಂಬ ಬಾಲಕರ ಕ್ಲಬ್ಬಿನಲ್ಲಿ ಆಡುತ್ತಿದ್ದ ಅವನನ್ನು 2017ರಲ್ಲಿ ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ಬು ತನ್ನ ಅಕಾಡೆಮಿಗೆ ಕರೆದೊಯ್ದಿತು. ಇದರಲ್ಲಿ ವಿಶೇಷವೇನೂ ಇರಲಿಲ್ಲ. ಐರ್ಲೆಂಡಿನ ಸ್ವಂತ ಲೀಗ್ ಚಿಕ್ಕದು. ಜನಪ್ರಿಯತೆಯಲ್ಲಿ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್ ಎಂಬ ದೇಶೀ ಆಟಗಳೊಡನೆ ಅದು ಪೈಪೋಟಿ ನಡೆಸಬೇಕು. ಹೀಗಾಗಿ ಪ್ರತಿಭೆಯುಳ್ಳ ಹುಡುಗ ಹದಿನೈದು ಹದಿನಾರಕ್ಕೆ ಸಮುದ್ರ ದಾಟಿ ಇಂಗ್ಲೆಂಡ್ ಸೇರುವುದು ತಲೆಮಾರುಗಳ ರೂಢಿ. ದೇಶಕ್ಕಾಗಿ 146 ಪಂದ್ಯಗಳಲ್ಲಿ 68 ಗೋಲು ಹೊಡೆದ ರಾಬಿ ಕೀನ್ ಕೂಡ ಹಾಗೆ ಹೋದವನೇ. ಕೀನ್ ಗೆದ್ದ, ಸರಿ. ಅದೇ ಹಡಗುಗಳಲ್ಲಿ ಹೋಗಿ ಮೂರು ನಾಲ್ಕು ವರ್ಷದಲ್ಲಿ ಬರಿಗೈಯಲ್ಲಿ, ಶಾಲೆಯ ಕೊನೆಯ ಪರೀಕ್ಷೆಯನ್ನೂ ಬರೆಯದೆ ಮನೆಗೆ ಮರಳಿದ ಹುಡುಗರ ಹೆಸರುಗಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

2019ರಲ್ಲಿ ಪ್ಯಾರೆಟ್‌ನ ಏರಿಕೆ ವೇಗವಾಗಿತ್ತು. ಸೆಪ್ಟೆಂಬರಿನಲ್ಲಿ ಟಾಟನ್‌ಹ್ಯಾಮ್ ಹಿರಿಯರ ತಂಡದಲ್ಲಿ ಮೊದಲ ಆಟ, ನವೆಂಬರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಐರ್ಲೆಂಡ್ ಪರ ಮೊದಲ ಪಂದ್ಯ, ಡಿಸೆಂಬರಿನಲ್ಲಿ ಪ್ರೀಮಿಯರ್ ಲೀಗ್ ಪ್ರವೇಶ. ಹೊಸ ವರ್ಷದ ದಿನ ತಂಡದ ಮುಖ್ಯ ಗೋಲುಗಾರ ಹ್ಯಾರಿ ಕೇನ್ ಗಾಯಗೊಂಡಾಗ, ಆ ಸ್ಥಾನವನ್ನು ಈ ಹುಡುಗನಿಗೆ ಏಕೆ ಕೊಡಬಾರದು ಎಂಬ ಪ್ರಶ್ನೆ ಎದ್ದಿತು. ತರಬೇತುದಾರ ಜೋಸೆ ಮೌರಿನ್ಯೋ ಅವನಿನ್ನೂ ಸಿದ್ಧನಾಗಿಲ್ಲವೆಂಬ ನಿಲುವಿಗೆ ಅಂಟಿಕೊಂಡರು. ಅಂದು ಅದು ಕಠೋರವೆನಿಸಿತು. ನನಗೆ ಈಗಲೂ ಆ ನಿಲುವಿಗಿಂತ ಅದರ ನಂತರ ನಡೆದದ್ದೇ ಹೆಚ್ಚು ಕಠೋರವೆನಿಸುತ್ತದೆ.

ನಂತರ ನಡೆದದ್ದು ಎರವಲು ಪರ್ವ. ದೊಡ್ಡ ಕ್ಲಬ್ಬುಗಳು ತಮ್ಮ ಕಿರಿಯ ಆಟಗಾರರನ್ನು ಒಂದು ಋತುವಿಗೆ, ಅರ್ಧ ಋತುವಿಗೆ ಬೇರೆ ಕ್ಲಬ್ಬಿಗೆ ಎರವಲು ಕೊಡುವ ಪದ್ಧತಿಯಿದೆ. 2020ರಲ್ಲಿ ಪ್ಯಾರೆಟ್ ಮಿಲ್‌ವಾಲ್‌ಗೆ ಹೋದ. ಗಾಯ ಕಾಡಿತು, ಒಂದು ಗೋಲೂ ಬರಲಿಲ್ಲ. ಋತುವಿನ ನಡುವೆಯೇ ಒಂದು ದರ್ಜೆ ಕೆಳಗಿನ ಇಪ್ಸ್‌ವಿಚ್‌ಗೆ ಕಳುಹಿಸಿದರು. ಮುಂದಿನ ವರ್ಷ ಎಂ.ಕೆ. ಡಾನ್ಸ್, ಅಲ್ಲಿ ಲೀಗಿನಲ್ಲಿ ಎಂಟು ಗೋಲು, ಸ್ವಲ್ಪ ಉಸಿರು. ಅದರ ಮುಂದಿನ ವರ್ಷ ಪ್ರೆಸ್ಟನ್. ಮತ್ತೆ ಗಾಯ, ಲೀಗಿನಲ್ಲಿ ಮೂರೇ ಗೋಲು. ಮೂರು ಋತುಗಳಲ್ಲಿ ನಾಲ್ಕು ಊರು, ನಾಲ್ಕು ಬಗೆಯ ಆಟ. ಪ್ರತಿ ವರ್ಷ ಶಾಲೆ ಬದಲಿಸಿದ ಮಗುವಿನ ಅಂಕಪಟ್ಟಿ ನೋಡಿ ಬುದ್ಧಿ ಮಂದವೆಂದು ಹೇಳುವ ಶಿಕ್ಷಕನನ್ನು ನಾವು ಒಪ್ಪಲಾರೆವು. ಕಾಲ್ಚೆಂಡಿನ ಲೋಕವಾದರೋ ಅದೇ ಬಗೆಯ ಅಂಕಪಟ್ಟಿಯನ್ನು ಹಿಡಿದು ತೀರ್ಪು ಕೊಟ್ಟಿತು.

ಇದೇ ಅವಧಿಯಲ್ಲಿ ಅವನು ದೇಶಕ್ಕಾಗಿ ಆಡಿದಾಗ ಬೇರೆಯದೇ ಚಿತ್ರ ಕಾಣುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. 2021ರಲ್ಲಿ ಅಂಡೋರಾ ವಿರುದ್ಧ ಎರಡು ಗೋಲು. 2022ರ ಮಾರ್ಚಿನಲ್ಲಿ ಲಿಥುವೇನಿಯಾ ವಿರುದ್ಧ ಹೆಚ್ಚುವರಿ ಸಮಯದ ಕೊನೆಗೆ ಗೆಲುವಿನ ಏಕೈಕ ಗೋಲು. ಅದೇ ಜೂನಿನಲ್ಲಿ ಸ್ಕಾಟ್ಲೆಂಡನ್ನು 3-0ರಿಂದ ಸೋಲಿಸಿದಾಗ ಒಂದು ಗೋಲು. ಬುಡಾಪೆಸ್ಟಿನ 96ನೆಯ ನಿಮಿಷ ಆಕಾಶದಿಂದ ಉದುರಿದ್ದಲ್ಲ.

ತಿರುವು ಬಂದದ್ದು 2023ರಲ್ಲಿ, ಇಂಗ್ಲೆಂಡಿನ ಹೊರಗೆ. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಎಕ್ಸೆಲ್ಸಿಯರ್ ಎಂಬ ಸಣ್ಣ ಕ್ಲಬ್ಬಿಗೆ ಮತ್ತೊಂದು ಎರವಲು. ಲಂಡನ್ನಿನ ಅಕಾಡೆಮಿಯಿಂದ ಬಂದವನಿಗೆ ಇದು ಇಳಿಜಾರಿನಂತೆಯೇ ಕಂಡಿರಬೇಕು. ಆ ಕ್ಲಬ್ಬು ಋತುವಿನ ಕೊನೆಗೆ ಕೆಳದರ್ಜೆಗೆ ಜಾರಿಯೂ ಜಾರಿತು. ಆದರೆ ಪ್ಯಾರೆಟ್ ಲೀಗಿನಲ್ಲಿ ಹತ್ತು ಗೋಲು ಹೊಡೆದಿದ್ದ. ಡಚ್ ಲೀಗ್ ಆಕ್ರಮಣಕಾರಿ ಆಟಕ್ಕೆ ಹೆಸರಾದದ್ದು. ಕಿರಿಯರನ್ನು ಆಡಿಸಿ, ಬೆಳೆಸಿ, ಮಾರುವುದರ ಮೇಲೆಯೇ ಅಲ್ಲಿನ ಕ್ಲಬ್ಬುಗಳ ಲೆಕ್ಕಾಚಾರ ನಿಂತಿದೆ. ತಪ್ಪು ಮಾಡಿದ ಮರುವಾರವೂ ಆಡಲು ಅವಕಾಶ ಸಿಗುವುದು ಇಪ್ಪತ್ತರ ಹುಡುಗನಿಗೆ ಎಷ್ಟು ದೊಡ್ಡ ವರವೆಂಬುದು ಅಂಕಿಗಳಲ್ಲೇ ಕಾಣುತ್ತದೆ. 2024ರ ಬೇಸಿಗೆಯಲ್ಲಿ ಆಲ್ಕಮಾರ್ ನಗರದ ಎಜ಼ೆಡ್ ಕ್ಲಬ್ಬು ಅವನನ್ನು ಎರವಲಾಗಿ ಅಲ್ಲ, ಐದು ವರ್ಷಗಳ ಒಪ್ಪಂದದಲ್ಲಿ ಕೊಂಡುಕೊಂಡಿತು. ಸೆಪ್ಟೆಂಬರಿನಲ್ಲಿ ಹೀರೆನ್‌ವೇನ್ ತಂಡವನ್ನು 9-1ರಿಂದ ಮಣಿಸಿದ ಪಂದ್ಯವೊಂದರಲ್ಲೇ ನಾಲ್ಕು ಗೋಲು. ಋತು ಮುಗಿಯುವಾಗ ಲೀಗಿನಲ್ಲಿ 14, ಎಲ್ಲ ಸ್ಪರ್ಧೆಗಳೂ ಸೇರಿ 20. ಒಂದೇ ಊರಿನಲ್ಲಿ ನೆಲೆ ನಿಂತ ಮೊದಲ ವರ್ಷದ ಫಸಲು ಇದು.

ಈ ಮಾತಿಗೆ ಇನ್ನೊಂದು ಮುಖವೂ ಇದೆ. ಅದರ ಹೆಸರು ಇವಾನ್ ಫರ್ಗುಸನ್. ಪ್ಯಾರೆಟ್‌ಗಿಂತ ಎರಡೂವರೆ ವರ್ಷ ಕಿರಿಯ. ಹದಿನಾಲ್ಕಕ್ಕೇ ಡಬ್ಲಿನ್ನಿನ ಬೊಹೀಮಿಯನ್ಸ್ ಪರ ಚೆಲ್ಸಿ ವಿರುದ್ಧದ ಸ್ನೇಹಪಂದ್ಯದಲ್ಲಿ ಕಣಕ್ಕಿಳಿದವನು. 2023ರ ಸೆಪ್ಟೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬ್ರೈಟನ್ ಪರ ನ್ಯೂಕಾಸಲ್ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಪ್ಯಾರೆಟ್‌ಗೆ ಹಿಂದೆ ತೊಡಿಸಿದ್ದ ಪೇಟವನ್ನೇ ಇವನ ತಲೆಗಿಟ್ಟರು. ಬಳಿಕ ಗಾಯಗಳು, ಗೋಲಿಲ್ಲದ ತಿಂಗಳುಗಳು, ವೆಸ್ಟ್ ಹ್ಯಾಮಿಗೆ ಹೋದ ಎರವಲಿನಲ್ಲಿ ಶೂನ್ಯ ಸಂಪಾದನೆ, 2025ರಲ್ಲಿ ರೋಮಾಕ್ಕೆ ಮತ್ತೊಂದು ಎರವಲು. ಆದರೂ ಅದೇ ಅರ್ಹತಾ ಸುತ್ತಿನ ಮೊದಲ ನಾಲ್ಕು ಪಂದ್ಯಗಳಲ್ಲಿ ಐರ್ಲೆಂಡಿನ ನಾಲ್ಕು ಗೋಲುಗಳ ಪೈಕಿ ಮೂರು ಫರ್ಗುಸನ್ನನದು. ನವೆಂಬರಿನಲ್ಲಿ ಅವನು ಗಾಯಗೊಂಡು ಹೊರಗುಳಿದದ್ದರಿಂದಲೇ ಮುಂಚೂಣಿಯ ಭಾರವೆಲ್ಲ ಪ್ಯಾರೆಟ್‌ನ ಮೇಲೆ ಬಿತ್ತು. ಒಬ್ಬನನ್ನು ಹೊಗಳಲು ಇನ್ನೊಬ್ಬನನ್ನು ಇಳಿಸುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಮುಖ್ಯ ವಿಚಾರ. ಪ್ಯಾರೆಟ್ ಹೋದ ದಾರಿ ಇಂದು ಮುಚ್ಚಿದೆ. ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮಾವಳಿಯ 19ನೆಯ ವಿಧಿಯ ಪ್ರಕಾರ 18 ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗವಾಗುವಂತಿಲ್ಲ. ಐರೋಪ್ಯ ಒಕ್ಕೂಟ ಮತ್ತು ಅದರ ಆರ್ಥಿಕ ವಲಯದೊಳಗೆ ಮಾತ್ರ 16ರಿಂದ 18ರವರೆಗಿನವರಿಗೆ ವಿನಾಯಿತಿ. ಅದೂ ಕರೆದೊಯ್ಯುವ ಕ್ಲಬ್ಬು ಹುಡುಗನ ವಿದ್ಯಾಭ್ಯಾಸದ ಹೊಣೆ ಹೊತ್ತರೆ. 2020ರ ಡಿಸೆಂಬರ್ 31ಕ್ಕೆ ಬ್ರಿಟನ್ನಿನ ಬ್ರೆಕ್ಸಿಟ್ ಸಂಕ್ರಮಣ ಕಾಲ ಮುಗಿದೊಡನೆ ಆ ವಿನಾಯಿತಿ ಇಂಗ್ಲೆಂಡಿಗೆ ಇಲ್ಲವಾಯಿತು. ಐರಿಷ್ ಪ್ರಜೆ ಇಂದಿಗೂ ವೀಸಾ ಇಲ್ಲದೆ ಲಂಡನ್ನಿನಲ್ಲಿ ವಾಸಿಸಬಹುದು, ದುಡಿಯಬಹುದು. ಆದರೆ ಅವನ ಹದಿನಾರರ ಮಗ ಅಲ್ಲಿನ ಕ್ಲಬ್ಬಿಗೆಂದು ಹೊರಟರೆ ನೋಂದಣಿ ಸಿಗದು.

ಅದೇ ವಿಧಿಯಲ್ಲಿ ಗಡಿನಾಡಿನವರ ಕಣ್ಣಿಗೆ ಕೂಡಲೇ ಬೀಳುವ ಇನ್ನೊಂದು ವಿನಾಯಿತಿಯಿದೆ. ಬಾಲಕನ ಮನೆ ಗಡಿಯಿಂದ 50 ಕಿಲೋಮೀಟರಿನೊಳಗೆ, ಆಚೆಯ ಕ್ಲಬ್ಬೂ ಗಡಿಯಿಂದ 50 ಕಿಲೋಮೀಟರಿನೊಳಗೆ ಇದ್ದು, ಹುಡುಗ ತನ್ನ ಮನೆಯಲ್ಲೇ ಉಳಿದು ಹೋಗಿಬರುವುದಾದರೆ ಅವನು ಗಡಿಯಾಚೆ ಆಡಬಹುದು. ಗಡಿಯ ಅಂಚಿನ ಜನರ ದಿನನಿತ್ಯದ ಬದುಕು ಗಡಿಗೆರೆಯನ್ನು ಕೇಳಿ ನಡೆಯುವುದಿಲ್ಲವೆಂಬ ಅರಿವು ಕ್ರೀಡಾ ಸಂಸ್ಥೆಯೊಂದರ ಕಾನೂನಿನಲ್ಲಿದೆ. ಎಷ್ಟೋ ಸರಕಾರಿ ಸುತ್ತೋಲೆಗಳಲ್ಲಿ ಅದು ಕಾಣಸಿಗದು. ಇರಲಿ.

ಬಾಗಿಲು ಮುಚ್ಚಿದ್ದರ ಫಲವನ್ನು ಮೇಸನ್ ಮೆಲಿಯಾ ಎಂಬ ಮುಂಚೂಣಿ ಆಟಗಾರನಲ್ಲಿ ನೋಡಬಹುದು. 2007ರ ಸೆಪ್ಟೆಂಬರಿನಲ್ಲಿ ಹುಟ್ಟಿದ ಇವನೂ ಟಾಟನ್‌ಹ್ಯಾಮ್ ಕಣ್ಣಿಗೆ ಬಿದ್ದವನೇ. ಆದರೆ ಹದಿನೆಂಟು ತುಂಬುವ ತನಕ ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ಅಥ್ಲೆಟಿಕ್‌ನಲ್ಲಿ ವಯಸ್ಕರ ನಡುವೆ, ಅಂಕಗಳು ಲೆಕ್ಕಕ್ಕೆ ಬರುವ ಪಂದ್ಯಗಳಲ್ಲಿ ಆಡಿದ. 2025ರ ಫೆಬ್ರವರಿಯಲ್ಲೇ ಕುದುರಿದ ಒಪ್ಪಂದದಂತೆ ಅವನ ಲಂಡನ್ ಪ್ರಯಾಣ 2026ರ ಜನವರಿಗೆ ನಿಗದಿಯಾಯಿತು. ಐರ್ಲೆಂಡ್ ಲೀಗಿನ ಕ್ಲಬ್ಬೊಂದಕ್ಕೆ ಸಿಕ್ಕ ದಾಖಲೆಯ ಮೊತ್ತ ಅವನಿಗಾಗಿ ಬಂತು. ಅಲ್ಲಿಯವರೆಗೆ ಇಂಥ ಹುಡುಗರ ಲಾಭವೆಲ್ಲ ಸಮುದ್ರದಾಚೆಗೇ ಸಂದಾಯವಾಗುತ್ತಿತ್ತು. ಆಟಗಾರನ ಬೆಲೆಯ ಶೇಕಡಾ 5ನ್ನು ಅವನ 12ರಿಂದ 23ರ ವಯಸ್ಸಿನಲ್ಲಿ ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕೆಂಬ ಫಿಫಾ ನಿಯಮವೇನೋ ಇದೆ. ಆದರೆ ಎಳೆಯ ವರ್ಷಗಳ ಪಾಲು ವರ್ಷಕ್ಕೆ ಒಟ್ಟು ಮೊತ್ತದ ಶೇಕಡಾ 0.25 ಮಾತ್ರ. ಬೀಜ ಬಿತ್ತಿದವನಿಗೆ ಹಿಡಿ ಕಾಳು.

ಹಾಗೆಂದು ಬ್ರೆಕ್ಸಿಟ್ ಮಕ್ಕಳ ಹಿತಕ್ಕಾಗಿ ಬಂದದ್ದಲ್ಲ. ಎರಡು ವರ್ಷ ಮನೆಯಲ್ಲುಳಿದು ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆ ಬರೆಯುವ ಅವಕಾಶ ಆಕಸ್ಮಿಕವಾಗಿ ಒದಗಿದ ಒಳಿತು. ಆ ಎರಡು ವರ್ಷಗಳಲ್ಲಿ ಅವರಿಗೆ ಕಲಿಸುವವರು ಯಾರು, ಮೈದಾನ ಎಲ್ಲಿದೆ, ವೈದ್ಯರು ಎಲ್ಲಿದ್ದಾರೆ ಎಂಬ ಪ್ರಶ್ನೆಗಳು ಈಗ ಐರ್ಲೆಂಡಿನ ಕ್ಲಬ್ಬುಗಳ ಮತ್ತು ಸರಕಾರದ ಹೆಗಲೇರಿವೆ. ಶ್ರೀಮಂತ ಅಕಾಡೆಮಿ ಕೊಡುತ್ತಿದ್ದ ಸೌಕರ್ಯವನ್ನು ಸಣ್ಣ ಕ್ಲಬ್ಬುಗಳು ಅಷ್ಟು ಬೇಗ ಕಟ್ಟಲಾರವು. ಕಾಯಲಾರದ ಕುಟುಂಬಗಳಿಗೆ ಒಕ್ಕೂಟದೊಳಗಿನ ದಾರಿ ತೆರೆದೇ ಇದೆ. ಕೆವಿನ್ ಜೆಫಿ 2021ರಲ್ಲಿ ಶ್ಯಾಮ್‌ರಾಕ್ ರೋವರ್ಸ್‌ನಿಂದ ಮಿಲಾನಿನ ಇಂಟರ್‌ಗೆ ಹೋದ. ಜೇಮ್ಸ್ ಅಬಾಂಕ್ವಾ ಉಡಿನೇಸೆ ಸೇರಿದ. ಲಂಡನ್ನಿಗೆ ಹೋದ ಹುಡುಗನಿಗೆ ಊರು ಹೊಸದಾದರೂ ಮಾತು ಹಳೆಯದೇ ಆಗಿರುತ್ತಿತ್ತು. ಇಟಲಿಯಲ್ಲಿ ತರಬೇತುದಾರನ ಬೈಗುಳದಿಂದ ಹಿಡಿದು ಗಣಿತದ ಪಾಠದವರೆಗೆ ಎಲ್ಲವೂ ಇಟಾಲಿಯನ್ನಿನಲ್ಲಿ.