ಎಣ್ಣೆ ಬೇಡದ ಯಂತ್ರಕ್ಕೆ ಎಣ್ಣೆ ಹಾಕಬೇಡಿ

ನಮ್ಮ ಮನೆಗಳಲ್ಲಿ ಒಂದು ಅಲಿಖಿತ ನಿಯಮ ಇದೆ. ಏನಾದ್ರೂ ಕಿರ್ ಅಂತಾ? ಎಣ್ಣೆ ಹಾಕು. ಬಾಗಿಲ ತಿರುಗಣಿ, ಹೊಲಿಗೆ ಮಿಷನ್, ಸೈಕಲ್ ಚೈನು, ಗೇಟಿನ ಚಿಲಕ, ಎಲ್ಲಕ್ಕೂ ಅದೇ ಮದ್ದು. ಮಿಷನ್ ಎಣ್ಣೆ ಸಿಗದಿದ್ರೆ ಕೊಬ್ಬರಿ ಎಣ್ಣೆಯಾದ್ರೂ ಸರಿ. ಬಹುಪಾಲು ಕೆಲಸವೂ ಮಾಡುತ್ತೆ ಅನ್ನಿ. ಆದರೆ ಈ ಮದ್ದು ಬಿದ್ದರೆ ಕೆಡುವ ಯಂತ್ರವೊಂದು ಈಗ ಎಷ್ಟೋ ಮನೆಗಳಲ್ಲಿ ಅಜ್ಜನ ಮಂಚದ ಪಕ್ಕವೇ ಕೂತಿದೆ. ಅದು ಆಕ್ಸಿಜನ್ ಕಾನ್ಸನ್‌ಟ್ರೇಟರ್. 2021ರ ಎರಡನೇ ಅಲೆಯಲ್ಲಿ ನಮಗೆಲ್ಲ ಪರಿಚಯವಾದದ್ದು. ಶ್ವಾಸಕೋಶದ ತೊಂದರೆ ಇರುವವರ ಮನೆಯಲ್ಲಿ ಇವತ್ತಿಗೂ ಹಗಲು ರಾತ್ರಿ ಓಡುತ್ತಿದೆ.

ಅದರ ಹೊಟ್ಟೆಯಲ್ಲಿರೋದು ಒಂದು ಪುಟ್ಟ ಏರ್ ಕಂಪ್ರೆಸರ್. ಕೋಣೆಯ ಗಾಳಿಯನ್ನು ಎಳೆದು, ಒತ್ತಿ, ಜಿಯೋಲೈಟ್ ಎಂಬ ಹರಳುಗಳ ಡಬ್ಬಿಗೆ ತಳ್ಳುತ್ತೆ. ಗಾಳಿಯಲ್ಲಿ ಶೇ. 78ರಷ್ಟು ನೈಟ್ರೋಜನ್ ಅಲ್ವಾ, ಅದನ್ನು ಹರಳು ಹಿಡಿದಿಟ್ಟುಕೊಳ್ಳುತ್ತೆ. ಹೊರಗೆ ಬರೋದು ಶೇ. 90ರ ಆಸುಪಾಸಿನ ಆಕ್ಸಿಜನ್. ಕಂಪ್ರೆಸರಿನ ಮೋಟಾರು ನಿಮಿಷಕ್ಕೆ 1,400 ಸುತ್ತು ತಿರುಗುತ್ತೆ ಅಂತ ಇಟ್ಟುಕೊಳ್ಳಿ. ದಿನವಿಡೀ ಓಡಿದರೆ ಪಿಸ್ಟನ್ 20 ಲಕ್ಷ ಸಲ ಮೇಲೆ ಕೆಳಗೆ ಹೋಗಿ ಬಂದಿರುತ್ತೆ. ಅಷ್ಟು ಉಜ್ಜಾಟ, ಸಿಲಿಂಡರಿನಲ್ಲಿ ಒಂದು ಹನಿ ಎಣ್ಣೆ ಇಲ್ಲ!

ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಕಥೆ ಬೇರೆ. ಅದರ ತಳದಲ್ಲಿ ಎಣ್ಣೆ ನಿಂತಿರುತ್ತೆ, ತಿರುಗುವ ಕ್ರ್ಯಾಂಕ್ ಅದನ್ನು ಮೇಲಕ್ಕೆ ಚಿಮ್ಮಿಸುತ್ತೆ. ಸ್ವಲ್ಪ ಎಣ್ಣೆ ಮಂಜಿನ ಹಾಗೆ ಗಾಳಿಯ ಜೊತೆ ಹೊರಗೂ ಹೋಗುತ್ತೆ. ಟೈರಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ. ಮನುಷ್ಯರ ಶ್ವಾಸಕೋಶಕ್ಕೆ ಇದೆ. ಜಿಯೋಲೈಟಿಗೂ ಇದೆ: ಎಣ್ಣೆ ಕೂತ ಹರಳಿಗೆ ನೈಟ್ರೋಜನ್ ಹಿಡಿಯುವ ಶಕ್ತಿ ಹೋಗುತ್ತೆ.

ಹಾಗಾದರೆ 'ಆಯಿಲ್-ಫ್ರೀ' ಯಂತ್ರದ ಭಾಗಗಳು ಸವೆಯದೆ ಓಡೋದು ಹೇಗೆ? ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ 'ಸರ್ವರ್‌ಲೆಸ್' ಅಂತ ಒಂದು ಪದ ಇದೆ. ಸರ್ವರ್ ಇಲ್ಲ ಅಂತ ಅದರ ಅರ್ಥ ಅಲ್ಲ, ನಿಮ್ಮ ಕಣ್ಣಿಗೆ ಬೀಳಲ್ಲ ಅಷ್ಟೆ. ಆಯಿಲ್-ಫ್ರೀ ಕೂಡ ಅದೇ ಜಾತಿಯ ಪದ. ಗಾಳಿ ಮುಟ್ಟುವ ಜಾಗದಲ್ಲಿ ಎಣ್ಣೆ ಇಲ್ಲ ಅನ್ನೋದು ಮಾತ್ರ ನಿಜ. ಕ್ರ್ಯಾಂಕಿನ ಬೇರಿಂಗ್‌ಗಳೊಳಗೆ ಗ್ರೀಸ್ ಇದೆ, ಕಾರ್ಖಾನೆಯಲ್ಲೇ ತುಂಬಿ ಎರಡೂ ಬದಿ ಸೀಲ್ ಮಾಡಿರುತ್ತಾರೆ.

ಇನ್ನು ಸಿಲಿಂಡರಿನ ಒಳಗೆ ಇರೋದು ನಿಮ್ಮ ನಾನ್‌ಸ್ಟಿಕ್ ದೋಸೆ ತವಾದ ವಸ್ತು, ಟೆಫ್ಲಾನ್. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಫ್ರಿಜ್ಜಿಗೆ ಬೇಕಾದ ಅನಿಲ ಹುಡುಕುತ್ತಿದ್ದರು. ತುಂಬಿಟ್ಟ ಸಿಲಿಂಡರ್ ತಿರುಗಿಸಿದರೆ ಅನಿಲ ಬರಲಿಲ್ಲ, ತೂಕ ಮಾತ್ರ ಕಮ್ಮಿಯಾಗಿರಲಿಲ್ಲ. ಗರಗಸದಿಂದ ಕೊಯ್ದು ನೋಡಿದರೆ ಒಳಗೆ ಮೇಣದಂಥ ಬಿಳಿ ಪುಡಿ. ಅದೇ ಟೆಫ್ಲಾನ್.

ಈ ಸಣ್ಣ ಕಂಪ್ರೆಸರುಗಳಲ್ಲಿ ಪಿಸ್ಟನ್ನಿಗೂ ಅದರ ಕೋಲಿಗೂ ನಡುವೆ ಕೀಲು ಇರಲ್ಲ, ಎರಡೂ ಒಂದೇ ತುಂಡು. ಹಾಗಾಗಿ ಅದು ತೊಟ್ಟಿಲಿನ ಹಾಗೆ ತೂಗಾಡುತ್ತಾ ಓಡುತ್ತೆ. ಅದರ ತಲೆಗೆ ಬಟ್ಟಲಿನ ಆಕಾರದ ಟೆಫ್ಲಾನ್ ಸೀಲ್. ಒತ್ತಡ ಏರಿದಾಗ ಬಟ್ಟಲಿನ ಅಂಚನ್ನು ಗಾಳಿಯೇ ಗೋಡೆಗೆ ಒತ್ತಿ ಹಿಡಿಯುತ್ತೆ.

ನನಗೆ ತುಂಬಾ ಇಷ್ಟವಾದದ್ದು ಮುಂದಿನ ಸಂಗತಿ. ಉಜ್ಜುವಾಗ ಟೆಫ್ಲಾನ್ ಸ್ವಲ್ಪ ಸವೆದು, ಕಾಗದದ ಮೇಲೆ ಪೆನ್ಸಿಲ್ ಮೂಡಿದ ಹಾಗೆ ಸಿಲಿಂಡರಿನ ಗೋಡೆಗೆ ತೆಳುವಾದ ಪದರವಾಗಿ ಅಂಟಿಕೊಳ್ಳುತ್ತೆ. ಆಮೇಲೆ ಉಜ್ಜೋದು ಲೋಹದ ಮೇಲಲ್ಲ, ಟೆಫ್ಲಾನ್ ಮೇಲೆ ಟೆಫ್ಲಾನ್. ಅಂದರೆ ಸೀಲೇ ತನ್ನನ್ನು ತೇಯ್ದುಕೊಂಡು ತನಗೆ ಬೇಕಾದ ಜಾರಿಕೆ ಮಾಡಿಕೊಳ್ಳುತ್ತೆ. ಬರೀ ಟೆಫ್ಲಾನ್ ಬೇಗ ಸವೆಯುತ್ತೆ, ಅದಕ್ಕೇ ಗಾಜಿನ ನಾರು, ಕಾರ್ಬನ್, ಕಂಚಿನ ಪುಡಿ, ಗ್ರಾಫೈಟ್ ಇವುಗಳಲ್ಲಿ ಯಾವುದನ್ನಾದರೂ ಬೆರೆಸುತ್ತಾರೆ. (ಗ್ರಾಫೈಟ್ ಜಾರಬೇಕಾದರೆ ಗಾಳಿಯಲ್ಲಿ ತೇವ ಇರಬೇಕು! ಎರಡನೇ ಮಹಾಯುದ್ಧದಲ್ಲಿ ವಿಮಾನಗಳು ಒಣಗಾಳಿಯ ಎತ್ತರಕ್ಕೆ ಏರಿದಾಗ ಜನರೇಟರಿನ ಕಾರ್ಬನ್ ಬ್ರಷ್‌ಗಳು ಬಹಳ ಬೇಗ ಪುಡಿಯಾಗುತ್ತಿದ್ದವು.)

ಔಷಧ, ಆಹಾರ ಕಾರ್ಖಾನೆಗಳ ದೊಡ್ಡ ಆಯಿಲ್-ಫ್ರೀ ಸ್ಕ್ರೂ ಕಂಪ್ರೆಸರಿನದು ಇನ್ನೊಂದು ಉಪಾಯ. ಎರಡು ಸ್ಕ್ರೂಗಳು ಒಂದಕ್ಕೊಂದು ತಾಗುವುದೇ ಇಲ್ಲ, ಕೂದಲೆಳೆಯ ಅಂತರ ಬಿಟ್ಟು ತಿರುಗುತ್ತವೆ. ಆ ಅಂತರ ಕಾಯುವ ಗೇರುಗಳು ಆಚೆ ಬದಿಯ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲೇ ಇರುತ್ತವೆ.

ಮಂಚದ ಪಕ್ಕದ ಯಂತ್ರಕ್ಕೆ ಬರೋಣ. ಅದಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಏನಾಗುತ್ತೆ? ಎಣ್ಣೆ ಟೆಫ್ಲಾನ್ ಪದರ ಗೋಡೆಗೆ ಅಂಟಲು ಬಿಡಲ್ಲ. ಸವೆದ ಪುಡಿಯ ಜೊತೆ ಸೇರಿ ಅಂಟಾದ ಹಿಟ್ಟಾಗುತ್ತೆ. ಮಿಕ್ಕಿದ್ದು ಹರಳಿನ ಡಬ್ಬಿಗೆ ಹೋಗುತ್ತೆ. ಶಬ್ದ ಎರಡು ದಿನ ಕಮ್ಮಿ ಅನ್ನಿಸಬಹುದು, ಆಕ್ಸಿಜನ್ ಪ್ರಮಾಣ ಮಾತ್ರ ಸದ್ದಿಲ್ಲದೆ ಇಳಿಯುತ್ತೆ. ಮೀಟರಿನ ಗುಂಡು 5 ಲೀಟರ್ ಅಂತಲೇ ತೋರಿಸುತ್ತಿರುತ್ತೆ, ಯಾಕಂದ್ರೆ ಅದು ಅಳೆಯೋದು ಹರಿವನ್ನು, ಶುದ್ಧತೆಯನ್ನಲ್ಲ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ವಿಷಯ. ಮೇಲಾಗಿ ಆಕ್ಸಿಜನ್ ಹತ್ತಿರ ಎಣ್ಣೆ, ಗ್ರೀಸ್ ಇದ್ದರೆ ಬೆಂಕಿಯ ಅಪಾಯ. ಮೂಗು ಒಣಗುತ್ತೆ ಅಂತ ಪೆಟ್ರೋಲಿಯಂ ಜೆಲ್ಲಿ ಹಚ್ಚೋದೂ ಬೇಡ, ನೀರಿನ ಆಧಾರದ ಜೆಲ್ ಸಿಗುತ್ತೆ.

ಈ ಯಂತ್ರದ ನಿಜವಾದ ಶತ್ರು ಬಿಸಿ. ಸೈಕಲ್ ಪಂಪ್ ಹೊಡೆದು ಅದರ ತಳ ಮುಟ್ಟಿದವರಿಗೆ ಗೊತ್ತು, ಒತ್ತಿದ ಗಾಳಿ ಕಾಯುತ್ತೆ. ಎಣ್ಣೆ ಇದ್ದಿದ್ದರೆ ಆ ಬಿಸಿಯನ್ನು ಸ್ವಲ್ಪ ಹೊತ್ತೊಯ್ಯುತ್ತಿತ್ತು. ಇಲ್ಲಿ ಫ್ಯಾನಿನ ಗಾಳಿಯೊಂದೇ ಗತಿ. ಕಾದಷ್ಟೂ ಸೀಲ್ ಬೇಗ ಸವೆಯುತ್ತೆ, ಬೇರಿಂಗಿನ ಗ್ರೀಸ್ ಒಣಗುತ್ತೆ. ಆದ್ದರಿಂದ ಗೋಡೆಯಿಂದ ಒಂದಡಿ ದೂರ ಇಡಿ. ಧೂಳಾಗುತ್ತೆ ಅಂತ ಬೆಡ್‌ಶೀಟ್ ಹೊದಿಸಬೇಡಿ (ನಮ್ಮ ಕಡೆ ಫ್ರಿಜ್ಜು, ಟೀವಿ, ಮಿಕ್ಸಿ ಎಲ್ಲಕ್ಕೂ ಒಂದು ಬಟ್ಟೆ ಹೊದಿಸದಿದ್ರೆ ಸಮಾಧಾನ ಇಲ್ಲ). ಹೊರಗಿನ ಸ್ಪಂಜಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಶಬ್ದ ಬದಲಾದರೆ, ಕಮ್ಮಿ ಆಕ್ಸಿಜನ್ನಿನ ದೀಪ ಹತ್ತಿದರೆ ಸರ್ವಿಸಿನವರನ್ನು ಕರೆಸಿ. ಸವೆದ ಸೀಲ್ ಬದಲಾಯಿಸಬಹುದು. ಶುದ್ಧತೆ ಅಳೆಯುವ ಮೀಟರ್ ತರೋಕೆ ಹೇಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಾದರೆ, ಸಾಮಾನ್ಯವಾಗಿ ಯಂತ್ರದ ಮೇಲೊಂದು ಗಂಟೆಗಳ ಮೀಟರ್ ಇರುತ್ತೆ, ಬೈಕಿನ ಕಿಲೋಮೀಟರ್ ನೋಡಿದ ಹಾಗೆ ಅದನ್ನು ಮೊದಲು ನೋಡಿ.